ಜಮಖಾನದ ಇನ್ನೊಂದು ತುದಿ

ಕಾವೇರಿಯ ದಡದಲ್ಲಿದ್ದ ಆ ಆಶ್ರಮಕ್ಕೆ ಫಲಕವಿರಲಿಲ್ಲ. ಅಮ್ಮಣ್ಣಿಯವರ ಆಶ್ರಮ ಎಂದರೆ ಸಾಕು, ಶ್ರೀರಂಗಪಟ್ಟಣದಲ್ಲಿ ಯಾರಾದರೂ ದಾರಿ ತೋರಿಸುತ್ತಿದ್ದರು.

ಅಲ್ಲಿ ನಿಯಮಗಳು ಎರಡೇ. ಚಪ್ಪಲಿಯನ್ನು ಗೋಡೆಗೆ ನೇರವಾಗಿ ಜೋಡಿಸಿಡಬೇಕು. ಗುರುಗಳಲ್ಲಿ ಏನನ್ನಾದರೂ ಕೇಳುವುದಿದ್ದರೆ ನದಿಯ ಮೆಟ್ಟಿಲಿಗೆ ಹೋಗಿ, ಅವರ ಜೊತೆ ಜಮಖಾನ ಹಿಂಡುತ್ತಾ ಕೇಳಬೇಕು.

ಸತ್ಸಂಗಕ್ಕೆ ಬಂದವರು ಕೂರುವ ಜಮಖಾನಗಳವು. ದಪ್ಪ ನೂಲಿನವು, ಉದ್ದನೆಯವು. ನೀರು ಕುಡಿದ ಮೇಲೆ ಒಬ್ಬರಿಂದ ಎತ್ತುವುದೇ ಕಷ್ಟ, ಹಿಂಡುವುದಂತೂ ದೂರದ ಮಾತು.

ಹುಣ್ಣಿಮೆಯ ಸತ್ಸಂಗ ಮುಗಿದ ವಾರ, ಒಂದು ಬೆಳಿಗ್ಗೆ ಧರಣೇಂದ್ರ ಬಂದ. ಮೈಸೂರಿನಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ಕಟ್ಟಿದ್ದವನು. ಕಾಲೇಜಿನ ದಿನಗಳಿಂದಲೂ ಅಮ್ಮಣ್ಣಿಯವರ ಶಿಷ್ಯ.

“ಗುರುಗಳೇ, ಒಂದು ಮಾತು…”

“ಮೊದಲು ಹಿಂತಿರುಗಿ ನೋಡು” ಎಂದರು ಅಮ್ಮಣ್ಣಿಯವರು.

ಅವನ ಒಂದು ಚಪ್ಪಲಿ ಗೋಡೆಯನ್ನು ನೋಡುತ್ತಿತ್ತು, ಇನ್ನೊಂದು ಹೊಳೆಯನ್ನು. ಹೋಗಿ ಸರಿಮಾಡಿ ಬಂದ.

ವಯಸ್ಸು ಎಂಬತ್ತರ ಹತ್ತಿರವಾದರೂ ಅಮ್ಮಣ್ಣಿಯವರ ಬೆನ್ನು ಬಾಗಿರಲಿಲ್ಲ. ಸೀರೆಯ ನೆರಿಗೆಯೂ ಅಷ್ಟೇ ನೇರ. ಅವರು ಮುಂದೆ ಇಳಿದರು, ಶಿಷ್ಯ ಹಿಂದೆ ಇಳಿದ. ಮೆಟ್ಟಿಲ ಬುಡದಲ್ಲಿ ಜಮಖಾನ ನೀರಿನಲ್ಲಿ ನೆನೆಯುತ್ತಿತ್ತು.

“ಇನ್ನೂ ಸ್ವಲ್ಪ ನೆನೆಯಲಿ. ಕೂತುಕೋ. ಹುಣ್ಣಿಮೆಗೆ ನೀನು ಬರಲಿಲ್ಲ.”

“ಕೆಲಸವಿತ್ತು, ಗುರುಗಳೇ. ಆದರೆ ನಿಮ್ಮ ಪ್ರವಚನ ಕೇಳಿದೆ. ಯಾರೋ ರೆಕಾರ್ಡ್ ಮಾಡಿ ಹಾಕಿದ್ದರು.”

“ಪೂರ್ತಿ ಕೇಳಿದೆಯಾ?”

“ಪೂರ್ತಿ ಕೇಳಿದೆ. ಎರಡು ಪಟ್ಟು ವೇಗದಲ್ಲಿ ಇಟ್ಟುಕೊಂಡು ಕೇಳಿದೆ. ನಮ್ಮ ಕಡೆಯವರು ಎಲ್ಲವನ್ನೂ ಹಾಗೇ ಕೇಳೋದು. ಅರ್ಧ ಹೊತ್ತಿನಲ್ಲಿ ಮುಗಿಯುತ್ತೆ.”

“ನಡುವೆ ಒಂದಷ್ಟು ಹೊತ್ತು ನಾನು ಮಾತು ನಿಲ್ಲಿಸಿ ಕೂತಿದ್ದೆನಲ್ಲ. ಅದನ್ನು ಯಾವ ವೇಗದಲ್ಲಿ ಕೇಳಿದೆ?”

ಧರಣೇಂದ್ರ ತಲೆ ಕೆರೆದುಕೊಂಡ.

“ಮೌನ ಬಂದ ಕಡೆ ಮೊಬೈಲ್ ತಾನಾಗಿಯೇ ಕತ್ತರಿಸಿಬಿಡುತ್ತೆ, ಗುರುಗಳೇ.”

“ಹಾಗೋ? ಅಂದಿನ ಪ್ರವಚನ ಅದೇ. ಉಳಿದದ್ದು ಪೀಠಿಕೆ.”

ಅಮ್ಮಣ್ಣಿಯವರು ಎದ್ದು ಜಮಖಾನದ ಒಂದು ತುದಿ ಹಿಡಿದರು. ಅವನು ಇನ್ನೊಂದು ತುದಿ ಹಿಡಿದ. ಎದುರುಬದುರು ನಿಂತರು. ಅವರು ತಮ್ಮ ಬಲಕ್ಕೆ ತಿರುಗಿಸಿದರು, ಇವನು ತನ್ನ ಬಲಕ್ಕೆ. ಜಮಖಾನ ಹಗ್ಗದಂತೆ ಬಿಗಿದು, ನೀರು ಧಾರೆಯಾಗಿ ಮೆಟ್ಟಿಲ ಮೇಲೆ ಸುರಿಯಿತು.

“ಈಗ ಕೇಳು.”

“ಕಂಪನಿ ಮುಚ್ಚಲು ನಿಮ್ಮ ಅಪ್ಪಣೆ ಬೇಕು. ಈ ತಿಂಗಳ ಕೊನೆಗೆ.”

ಅಮ್ಮಣ್ಣಿಯವರ ಕೈ ನಿಲ್ಲಲಿಲ್ಲ.

“ಏನು ಮಾಡುತ್ತದೆ ನಿನ್ನ ಕಂಪನಿ? ಮೊದಲ ದಿನ ಹೇಳಿದ್ದೆ. ಇನ್ನೊಮ್ಮೆ ಹೇಳು.”

“ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಕೇಂದ್ರಗಳಿಗೆ ಒಂದು ಸಾಫ್ಟ್‌ವೇರ್, ಗುರುಗಳೇ. ಸಿಸ್ಟರ್‌ಗಳು ಟ್ಯಾಬ್‌ನಲ್ಲಿ ಒತ್ತಿದರೆ ಸಾಕು, ಯಾವ ಯಂತ್ರ ಖಾಲಿ ಇದೆ, ಯಾರ ಸರದಿ ಎಷ್ಟು ಹೊತ್ತಿಗೆ ಅಂತ ರೋಗಿಯ ಮೊಬೈಲ್‌ಗೆ ತಿಳಿಸುತ್ತೆ. ಇಲ್ಲದಿದ್ದರೆ ಪಾಪ, ಬೆಳಗಿನ ಬಸ್ಸಿಗೆ ಬಂದು ಸಂಜೆಯ ತನಕ ಬೆಂಚಿನ ಮೇಲೆ ಕೂತಿರುತ್ತಾರೆ. ಕೆಲವೊಮ್ಮೆ ಸರದಿ ಸಿಗದೆ ವಾಪಸ್ಸು ಹೋಗುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಶುರು ಮಾಡಿದ್ದು.”

“ಸಾಫ್ಟ್‌ವೇರ್ ಕೆಲಸ ಮಾಡುವುದಿಲ್ಲವೋ?”

“ಮಾಡುತ್ತೆ! ಅದೇ ನನಗೆ ಅರ್ಥವಾಗದ್ದು. ಎಲ್ಲ ಕೇಂದ್ರದಲ್ಲೂ ಮೊದಲ ಎರಡು ವಾರ ಚೆನ್ನಾಗಿ ನಡೆಯುತ್ತೆ. ಆಮೇಲೆ ಸಿಸ್ಟರ್‌ಗಳು ನಿಲ್ಲಿಸಿಬಿಡುತ್ತಾರೆ. ಫೋನ್ ಮಾಡಿ ಕೇಳಿದರೆ, ‘ತುಂಬಾ ಚೆನ್ನಾಗಿದೆ ಸರ್’ ಅಂತಾರೆ. ಬೆಂಚು ಮತ್ತೆ ಮೊದಲಿನ ಹಾಗೇ ತುಂಬುತ್ತೆ.”

“ನಿನ್ನಂಥವರನ್ನು ಕೇಳಿದೆಯಾ?”

“ನಾಳೆಯಿಂದ ಎರಡು ದಿನ ಮೈಸೂರಿನಲ್ಲಿ ಸಾಫ್ಟ್‌ವೇರ್ ಉದ್ಯಮಿಗಳ ಸಮ್ಮೇಳನ ಇದೆ. ನಮ್ಮ ಕಂಪನಿಯ ಜೆಸಿಂತಾ ನನ್ನ ಹೆಸರು ಬರೆಸಿಬಿಟ್ಟಿದ್ದಾಳೆ. ಆದರೆ ಯಾಕೆ ಹೋಗಬೇಕು ಹೇಳಿ. ಎಲ್ಲ ಭಾಷಣವೂ ರೆಕಾರ್ಡ್ ಆಗುತ್ತೆ. ಮುಂದಿನ ವಾರ ಮನೆಯಲ್ಲೇ ಕೂತು ಒಂದು ಬೆಳಿಗ್ಗೆಯಲ್ಲಿ ನೋಡಿ ಮುಗಿಸಬಹುದು.”

“ಒಳಗೆ ಆಡಿದ್ದೆಲ್ಲ ರೆಕಾರ್ಡ್ ಆಗುತ್ತದೆ ಎಂದೆಯಲ್ಲ.”

“ಒಂದು ಮಾತೂ ಬಿಡದೆ.”

“ಹಾಗಾದರೆ ನೀನು ಹೊರಗಿರು.”

“ಗುರುಗಳೇ?”

“ಸಮ್ಮೇಳನಕ್ಕೆ ಹೋಗು. ಸಭಾಂಗಣದೊಳಗೆ ಕಾಲಿಡಬೇಡ. ಅಪ್ಪಣೆಯ ವಿಷಯ ಆಮೇಲೆ ನೋಡೋಣ.”

ಮರುದಿನ ಧರಣೇಂದ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಕೊರಳಿಗೆ ಹೆಸರಿನ ಚೀಟಿ ಹಾಕಿದರು. ಜನ ಸಭಾಂಗಣದೊಳಗೆ ನುಗ್ಗಿದರು. ಅವನು ಮಾತ್ರ ಹೊರಗೆ, ಚಹಾದ ಮೇಜಿನ ಪಕ್ಕ ನಿಂತ.

ಬಾಗಿಲು ಕಾಯುತ್ತಿದ್ದ ಸ್ವಯಂಸೇವಕಿಗೆ ಕನಿಕರ ಬಂತು.

“ಒಳಗೆ ಸೀಟು ಖಾಲಿ ಇದೆ ಸರ್. ಎ.ಸಿ. ಕೂಡ ಇದೆ.”

“ಬೇಡಮ್ಮಾ. ನಮ್ಮ ಗುರುಗಳು ಬೇಡ ಅಂದಿದ್ದಾರೆ.”

ಅವಳು ಅವನ ಕೊರಳ ಚೀಟಿಯನ್ನು ಇನ್ನೊಮ್ಮೆ ಓದಿ ನೋಡಿದಳು.

ಬಿಡುವಿನಲ್ಲಿ ಜನ ಹೊರಗೆ ಬಂದರು. ಧರಣೇಂದ್ರ ಒಬ್ಬೊಬ್ಬರ ಕೈ ಕುಲುಕಿದ, ಕಾರ್ಡ್ ಕೊಟ್ಟ, ಕಾರ್ಡ್ ಪಡೆದ, ನಕ್ಕ. ಸಂಜೆ ಸೂರ್ಯ ಇಳಿಯುವ ಮುಂಚೆಯೇ ನದಿಯ ಮೆಟ್ಟಿಲಿನಲ್ಲಿದ್ದ. ಚಪ್ಪಲಿ ನೇರವಾಗಿತ್ತು. ಮುಖ ಮಾತ್ರ ಸೊಟ್ಟಗಿತ್ತು.

“ಏನು ಕೇಳಿಸಿತು?”

“ಏನೂ ಇಲ್ಲ, ಗುರುಗಳೇ. ಇಡೀ ದಿನ ಹಾಳಾಯಿತು. ಯಾರನ್ನು ಕೇಳಿದರೂ ‘ನಮ್ಮದು ಭರ್ಜರಿಯಾಗಿ ನಡೀತಿದೆ’ ಅನ್ನುವವರೇ.”

“ನಿನ್ನನ್ನೂ ಅವರು ಕೇಳಿರಬೇಕು.”

“ಕೇಳಿದರು.”

“ಏನು ಹೇಳಿದೆ?”

ಧರಣೇಂದ್ರ ನದಿಯ ಕಡೆ ನೋಡಿದ.

“ನಮ್ಮದೂ ಚೆನ್ನಾಗಿ ನಡೀತಿದೆ ಅಂದೆ.”

ಅಮ್ಮಣ್ಣಿಯವರು ನೆನೆದ ಜಮಖಾನದ ತುದಿಯನ್ನು ಅವನ ಕೈಗಿತ್ತರು. ಅವನು ಬಲಕ್ಕೆ ತಿರುಗಿಸಿದ. ಜಮಖಾನ ಸುಲಭವಾಗಿ ತಿರುಗಿತು. ಇನ್ನಷ್ಟು ತಿರುಗಿಸಿದ. ಇನ್ನಷ್ಟು ಸುಲಭವಾಗಿ ತಿರುಗಿತು. ಎಷ್ಟು ತಿರುಗಿಸಿದರೂ ಅದು ಬಿಗಿಯಲಿಲ್ಲ. ತಾನಾಗಿ ತೊಟ್ಟಿಕ್ಕಿದ್ದು ಬಿಟ್ಟರೆ ಒಂದು ಹನಿಯೂ ಹೊರಗೆ ಬರಲಿಲ್ಲ.

“ಇದೇನು, ಗುರುಗಳೇ? ಈ ಜಮಖಾನಕ್ಕೆ ಏನಾಗಿದೆ?”

“ಜಮಖಾನಕ್ಕೆ ಏನೂ ಆಗಿಲ್ಲ. ನೀನು ತಿರುಗಿಸಿದ ಕಡೆಗೇ ನಾನೂ ತಿರುಗಿಸುತ್ತಿದ್ದೇನೆ.”

ಅವನು ಅವರ ಕೈಗಳನ್ನು ನೋಡಿದ. ಹೌದು. ಅವನ ಕೈಯ ಜೊತೆಗೇ, ಅವನಿಗೆ ಒಂದಿಷ್ಟೂ ತೊಂದರೆಯಾಗದ ಹಾಗೆ, ಅವರ ಕೈ ತಿರುಗುತ್ತಿತ್ತು.

“ಹೀಗೆ ಮಾಡಿದರೆ ಹೇಗೆ ಗುರುಗಳೇ? ಕತ್ತಲಾದರೂ ನೀರು ಇಳಿಯುವುದಿಲ್ಲ.”

“ಆದರೆ ಎಷ್ಟು ಹಿತವಾಗಿದೆ ನೋಡು. ಕೈಗೆ ನೋವೇ ಇಲ್ಲ.”

ಧರಣೇಂದ್ರನ ಕೈ ನಿಂತಿತು.

ಅಮ್ಮಣ್ಣಿಯವರು ತಮ್ಮ ತುದಿಯನ್ನು ಮೆಟ್ಟಿಲ ಮೇಲೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು:

“ನಾಳೆ ಬೇಗ ಹೋಗು. ಅಂಗಿಗೆ ಇಸ್ತ್ರಿ ಇಲ್ಲದಿದ್ದರೂ ಪರವಾಗಿಲ್ಲ.”

ಮರುದಿನ ಚಹಾದ ಮೇಜಿನ ಬಳಿ ಒಬ್ಬ ಹೆಂಗಸು ಒಂಟಿಯಾಗಿ ನಿಂತು ಚಹಾವನ್ನು ಊದಿ ಊದಿ ಕುಡಿಯುತ್ತಿದ್ದಳು. ಹೆಗಲಲ್ಲಿ ದೊಡ್ಡದೊಂದು ಚೀಲ. ಕೊರಳ ಚೀಟಿಯಲ್ಲಿ ಸುಗಂಧಿ ಕರ್ಕೇರ, ಮಲ್ಪೆ ಎಂದಿತ್ತು.

“ನಮಸ್ಕಾರ” ಎಂದಳು. “ಹೇಗೆ ನಡೀತಾ ಉಂಟು ನಿಮ್ಮ ಕಂಪನಿ?”

ಧರಣೇಂದ್ರನ ನಾಲಿಗೆಯ ತುದಿಯಲ್ಲಿ ನಿನ್ನೆಯ ಉತ್ತರ ಸಿದ್ಧವಾಗಿತ್ತು. ಅದನ್ನು ನುಂಗಿಕೊಂಡ.

“ಮುಚ್ಚುತ್ತಿದ್ದೇನೆ. ಈ ತಿಂಗಳ ಕೊನೆಗೆ.”

ಸುಗಂಧಿ ಚಹಾದ ಲೋಟ ಕೆಳಗಿಟ್ಟಳು. ಕೊರಳಿನ ಚೀಟಿ ತೆಗೆದು ಚೀಲದೊಳಗೆ ಹಾಕಿದಳು.

“ಅಬ್ಬಾ! ನಿನ್ನೆಯಿಂದ ಇಲ್ಲಿ ಎಲ್ಲರೂ ಗೆದ್ದವರೇ ಮಾರಾಯ್ರೆ. ನನಗೆ ಉಸಿರು ಕಟ್ಟಿ ಹೋಗಿತ್ತು. ಬನ್ನಿ, ಕೂತುಕೊಳ್ಳುವ.”

ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ಧರಣೇಂದ್ರ ಎಲ್ಲ ಹೇಳಿದ. ಬೆಂಚಿನ ಮೇಲೆ ಕಾದು ಕೂತವರನ್ನು, ಎರಡು ವಾರ ನಡೆದು ನಿಂತುಹೋಗುವುದನ್ನು, ‘ತುಂಬಾ ಚೆನ್ನಾಗಿದೆ ಸರ್’ ಎನ್ನುವ ಸಿಸ್ಟರ್‌ಗಳನ್ನು. ಸುಗಂಧಿ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಆ ಎರಡು ವಾರ ನಿಮ್ಮವರು ಯಾರಾದರೂ ಅಲ್ಲಿ ನಿಂತಿರ್ತಾರಾ?”

“ಜೆಸಿಂತಾ ಇರುತ್ತಾಳೆ. ಸಿಸ್ಟರ್‌ಗಳಿಗೆ ಕಲಿಸಲು.”

“ಆಗ ಟ್ಯಾಬ್ ಮೇಲೆ ಬೆರಳು ಒತ್ತುವುದು ಯಾರು?”

“ಸಿಸ್ಟರ್‌ಗಳೇ ಇರಬೇಕು.”

“ಇರಬೇಕಾ? ಕೇಳಿ ನೋಡಿ.”

ಅವನು ಅಲ್ಲಿಂದಲೇ ಫೋನ್ ಮಾಡಿದ.

“ನಾನೇ ಸರ್” ಎಂದಳು ಜೆಸಿಂತಾ. “ಸಿಸ್ಟರ್ ಕೈಯಲ್ಲಿ ಗ್ಲೌಸ್ ಇರುತ್ತಲ್ಲ. ರೋಗಿಯನ್ನು ಮುಟ್ಟಿದ ಗ್ಲೌಸಲ್ಲಿ ಟ್ಯಾಬ್ ಮುಟ್ಟೋ ಹಾಗಿಲ್ಲ. ಪ್ರತಿ ಸಲ ತೆಗೆದು, ಕೈ ತೊಳೆದು, ಒತ್ತಿ, ಮತ್ತೆ ಹಾಕಿಕೊಳ್ಳಬೇಕು. ಹೇಗೂ ಪಕ್ಕದಲ್ಲಿ ಇರುತ್ತೀನಲ್ಲ ಅಂತ ನಾನೇ ಒತ್ತಿ ಕೊಡುತ್ತಿದ್ದೆ. ಯಾಕೆ ಸರ್, ತಪ್ಪಾಯಿತಾ?”

“ಇಲ್ಲಮ್ಮಾ. ತಪ್ಪು ನಿನ್ನದಲ್ಲ.”

ಅವನು ಮೊಬೈಲನ್ನು ಜೇಬಿಗೆ ಹಾಕಲು ಮರೆತು ಕೈಯಲ್ಲೇ ಹಿಡಿದು ಕೂತ.

“ಎರಡು ವಾರ ನಡೆಸುತ್ತಿದ್ದವಳು ಜೆಸಿಂತಾ” ಎಂದ. “ನಾನು ಅದನ್ನು ಗೆಲುವು ಅಂದುಕೊಂಡಿದ್ದೆ.”

“ನಾನೂ ಅಂದುಕೊಂಡಿದ್ದೆ. ಎರಡು ಸಲ ಮೋಸ ಹೋದೆ.” ಸುಗಂಧಿ ನಕ್ಕಳು. “ನಮ್ಮದು ಬಂದರಿನಲ್ಲಿ ಮೀನಿನ ಹರಾಜಿನ ಲೆಕ್ಕ. ಮೀನು, ಐಸು, ಉಪ್ಪು ನೀರು. ಒಣಗಿದ ಕೈ ಅಲ್ಲಿ ಒಬ್ಬರದ್ದೂ ಇಲ್ಲ. ಒದ್ದೆ ಬೆರಳು ಇಟ್ಟರೆ ಸ್ಕ್ರೀನ್ ಹುಚ್ಚು ಹಿಡಿದ ಹಾಗೆ ಆಡ್ತದೆ. ನಮ್ಮ ಹುಡುಗರು ಪಕ್ಕದಲ್ಲಿ ನಿಂತಷ್ಟು ದಿನ ಎಲ್ಲ ಸರಿ ಇತ್ತು. ಅವರು ಬಸ್ಸು ಹತ್ತಿದ ದಿನವೇ ಎಲ್ಲ ಬಂದ್.”

“ಆಮೇಲೆ?”

ಅವಳು ಚೀಲದೊಳಗೆ ಕೈ ಹಾಕಿ ಒಂದು ವಸ್ತು ತೆಗೆದಳು. ಹೊಲಿಗೆ ಯಂತ್ರದ ಪೆಡಲಿನಂಥದ್ದು, ಅಂಗೈ ಅಗಲದ್ದು. ಕೆಳಗಿಟ್ಟು ಚಪ್ಪಲಿಯ ತುದಿಯಿಂದ ಒತ್ತಿದಳು. ಅವಳ ಕೈಯಲ್ಲಿದ್ದ ಮೊಬೈಲಿನಲ್ಲಿ ಒಂದು ಸಾಲು ಹಸಿರಾಯಿತು.

“ಕೈ ಬೇಡ. ಒಂದು ಸಲ ತುಳಿದರೆ ‘ಆಯಿತು’. ಎರಡು ಸಲ ತುಳಿದರೆ ‘ಮುಂದಿನದು’. ನಿಮ್ಮ ಸಿಸ್ಟರ್‌ಗಳ ಕಾಲಿಗೆ ಗ್ಲೌಸ್ ಇಲ್ಲವಲ್ಲ?”

ಧರಣೇಂದ್ರ ಬಗ್ಗಿ ಪೆಡಲನ್ನು ಕೈಗೆತ್ತಿಕೊಂಡ. ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದನ್ನು ಒಂದೇ ಒಂದು ಭಾಷಣದಲ್ಲೂ ನಾನು ನೋಡಿಲ್ಲ” ಎಂದ ಕೊನೆಗೆ.

“ಇದನ್ನು ಏನು ಹೇಳುವುದು ವೇದಿಕೆಯಲ್ಲಿ? ಪೆಡಲ್ ಇದು, ರಾಕೆಟ್ ಅಲ್ಲ.”

“ಹಾಗಾದರೆ ನಿಮ್ಮದು ಗೆದ್ದಿತಲ್ಲ.”

ಸುಗಂಧಿಯ ಮುಖದ ನಗು ಸಣ್ಣದಾಯಿತು.

“ಊಟದ ನಂತರ ನನ್ನ ಭಾಷಣ ಉಂಟು. ‘ಬಂದರು ಗೆದ್ದ ಕಥೆ’ ಅಂತ ಅವರೇ ಹೆಸರಿಟ್ಟಿದ್ದಾರೆ. ನಿಜ ಹೇಳಬೇಕಾ? ದಡದಲ್ಲಿ ಎಲ್ಲ ಸರಿ. ದೋಣಿಯವರು ಹಿಡಿದ ಮೀನಿನ ಲೆಕ್ಕವನ್ನು ಸಮುದ್ರದಲ್ಲೇ ಬರೀತಾರೆ. ಅಲ್ಲಿ ಸಿಗ್ನಲ್ ಇಲ್ಲ. ಬರೆದದ್ದು ಅರ್ಧಕ್ಕರ್ಧ ಮಾಯ. ದಡಕ್ಕೆ ಬಂದ ಮೇಲೆ ದಿನಾ ಜಗಳ. ಎಷ್ಟೋ ರೆಕಾರ್ಡಿಂಗ್ ನೋಡಿದೆ. ಯಾರೂ ನಮ್ಮಂಥವರಿಗೆ ಆಗುವ ಹಾಗೆ ಹೇಳುವುದಿಲ್ಲ.”

“ಸಿಗ್ನಲ್ ಇಲ್ಲದ ಕಡೆಯಾ?” ಧರಣೇಂದ್ರ ಅವಳ ಕಡೆ ತಿರುಗಿದ. “ಡಯಾಲಿಸಿಸ್ ಕೋಣೆಗಳೆಲ್ಲ ಆಸ್ಪತ್ರೆಯ ಹಿಂಭಾಗದಲ್ಲಿ, ಎಲ್ಲೋ ನೆಲಮಾಳಿಗೆಯಲ್ಲಿ ಇರುತ್ತವೆ. ಅಲ್ಲೂ ಸಿಗ್ನಲ್ ಬರುವುದಿಲ್ಲ. ನಮ್ಮದು ಬರೆದದ್ದನ್ನೆಲ್ಲ ಒಳಗೇ ಇಟ್ಟುಕೊಂಡಿದ್ದು, ಸಿಗ್ನಲ್ ಸಿಕ್ಕ ತಕ್ಷಣ ಒಂದರ ಹಿಂದೆ ಒಂದನ್ನು ಕಳಿಸುತ್ತೆ. ಒಂದೂ ಕಳೆಯುವುದಿಲ್ಲ. ಅದನ್ನು ಮಾಡಿ ಬಹಳ ದಿನವಾಯಿತು.”

“ಎಂಥದ್ದು! ಎಲ್ಲಿ ಬರೆದಿದ್ದೀರಿ ಅದನ್ನು? ಎಲ್ಲಿ ಹೇಳಿದ್ದೀರಿ?”

“ಎಲ್ಲೂ ಇಲ್ಲ. ಹೇಳುವಂಥ ದೊಡ್ಡ ವಿಷಯ ಅಂತ ನನಗೆ ಅನ್ನಿಸಿರಲಿಲ್ಲ.”

ಸುಗಂಧಿ ಹಣೆ ಚಚ್ಚಿಕೊಂಡಳು.

ಊಟದ ಗಂಟೆ ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ. ಅವನು ತನ್ನ ಲ್ಯಾಪ್‌ಟಾಪ್ ಬಿಚ್ಚಿ ಬರೆದದ್ದನ್ನು ತೋರಿಸಿದ. ಅವಳು ಪೆಡಲಿನ ಹಿಂಭಾಗ ಬಿಚ್ಚಿ ಒಳಗಿನದನ್ನು ತೋರಿಸಿದಳು. ನಡುವೆ ಒಮ್ಮೆ ಜೋರು ವಾದವೂ ಆಯಿತು. ಸ್ವಯಂಸೇವಕಿ ಬಂದು ಇಣುಕಿ, ಗುರುಗಳ ಶಿಷ್ಯನನ್ನು ಕಂಡು, ಸದ್ದಿಲ್ಲದೆ ಹೋದಳು.

ಕೊನೆಗೆ ಒಳಗಿನಿಂದ ಸುಗಂಧಿಯ ಹೆಸರು ಕೂಗಿದರು.

“ಬನ್ನಿ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.”

“ನನಗೆ ಒಳಗೆ ಬರಲು ಅಪ್ಪಣೆ ಇಲ್ಲ.”

“ಎಂಥ ಗುರುಗಳು ಮಾರಾಯ್ರೆ ನಿಮ್ಮವರು!”

ಬಾಗಿಲು ಮುಚ್ಚಿಕೊಂಡಿತು. ಧರಣೇಂದ್ರ ಹೊರಗೆ ನಿಂತು ಕಿವಿಗೊಟ್ಟ. ಮಾತು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಮೊದಲು ಚಪ್ಪಾಳೆ, ಆಮೇಲೆ ನಗು. ಆಮೇಲೆ ‘ಸಮುದ್ರ’ ಎಂಬ ಒಂದು ಮಾತು. ಅದರ ಹಿಂದೆಯೇ ಮೌನ.

ಆ ಮೌನ ಬೇಗ ಮುಗಿಯಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿದ್ದ ಸ್ವಯಂಸೇವಕಿ ಪಿಸುಗುಟ್ಟಿದಳು:

“ಮೈಕ್ ಕೆಟ್ಟಿತಾ ಸರ್?”

“ಇಲ್ಲ” ಎಂದ ಧರಣೇಂದ್ರ. “ಈಗ ಕೇಳಿಸುತ್ತಿದೆ.”

ಬಾಗಿಲು ತೆರೆದಾಗ ಸುಗಂಧಿಯ ಸುತ್ತ ಜನ ಮುತ್ತಿಕೊಂಡಿದ್ದರು. ಒಬ್ಬರ ಕೈಯಲ್ಲೂ ಕಾರ್ಡ್ ಇರಲಿಲ್ಲ. “ಮೇಡಂ, ನಮ್ಮದೂ ನಿಂತುಹೋಗಿದೆ” ಎಂದು ಒಬ್ಬ. “ನಮ್ಮದು ಯಾಕೆ ಬಿದ್ದುಹೋಯಿತು ಅಂತ ಹೇಳ್ತೀನಿ ಕೇಳಿ” ಎಂದು ಇನ್ನೊಬ್ಬ. ನಿನ್ನೆ ಧರಣೇಂದ್ರನ ಕೈ ಕುಲುಕಿ ‘ಭರ್ಜರಿ’ ಎಂದಿದ್ದವನೂ ಅಲ್ಲಿದ್ದ. ಅವನು ಧರಣೇಂದ್ರನನ್ನು ಕಂಡು ತಲೆ ತಗ್ಗಿಸಿದ. ಧರಣೇಂದ್ರ ಅವನ ಹೆಗಲ ಮೇಲೆ ಕೈ ಇಟ್ಟ.

“ನಾನೂ ಸುಳ್ಳೇ ಹೇಳಿದ್ದೆ. ಬನ್ನಿ, ಚಹಾ ಕುಡಿಯೋಣ.”

ಆ ದಿನ ಚಹಾ ಎರಡು ಸಲ ಕಾಯಿಸಬೇಕಾಯಿತು.

ಸಂಜೆ ಧರಣೇಂದ್ರ ಆಶ್ರಮಕ್ಕೆ ಬಂದಾಗ ಅವನ ಅಂಗಿ ಮುದುಡಿತ್ತು. ಕೈಯಲ್ಲಿ ಪೆಡಲ್ ಇತ್ತು. ಚಪ್ಪಲಿಗಳನ್ನು ನೇರವಾಗಿ ಇಟ್ಟು, ಎರಡು ಹೆಜ್ಜೆ ನಡೆದು, ಹಿಂತಿರುಗಿ ನೋಡಿ, ಆಮೇಲೆ ಮೆಟ್ಟಿಲಿಳಿದ.

ಅಮ್ಮಣ್ಣಿಯವರು ತುದಿ ಹಿಡಿದು ಕಾಯುತ್ತಿದ್ದರು. ಅವನು ಪೆಡಲನ್ನು ಮೆಟ್ಟಿಲ ಮೇಲಿಟ್ಟು ಇನ್ನೊಂದು ತುದಿ ಹಿಡಿದ. ಹಿಂಡುತ್ತಾ ನಡೆದದ್ದನ್ನೆಲ್ಲ ಹೇಳಿದ. ನೀರು ಸುರಿಯುತ್ತಲೇ ಇತ್ತು. ಅವರು ಬಿಗಿ ಹಿಡಿದಷ್ಟೂ ಇವನು ಬಿಗಿ ಹಿಡಿಯಬೇಕಾಯಿತು. ಅಂಗೈ ಕೆಂಪಾಯಿತು.

“ಹಾಗಾದರೆ ಕಂಪನಿ ಉಳಿಯಿತೋ?”

“ಗೊತ್ತಿಲ್ಲ, ಗುರುಗಳೇ. ಸೋಮವಾರ ಒಂದು ಕೇಂದ್ರದಲ್ಲಿ ಈ ಪೆಡಲ್ ಇಟ್ಟು ನೋಡುತ್ತೇವೆ. ಜೆಸಿಂತಾ ಬಾಗಿಲ ಹೊರಗೆ ನಿಲ್ಲುತ್ತಾಳೆ. ಒಳಗೆ ಕಾಲಿಡುವುದಿಲ್ಲ.”

ಅಮ್ಮಣ್ಣಿಯವರ ತುಟಿಯ ಕೊನೆ ಸ್ವಲ್ಪ ಮೇಲೆದ್ದಿತು.

“ಮುಚ್ಚಲು ಅಪ್ಪಣೆ ಕೇಳಿದ್ದೆಯಲ್ಲ.”

“ಇವತ್ತು ಬೇಡ. ಬೆಂಚಿನ ಮೇಲೆ ಕೂತವರು ಮನೆಯಿಂದ ಸರಿಯಾದ ಹೊತ್ತಿಗೆ ಹೊರಡುವಂತಾಗಲಿ. ಅದು ಆಗದಿದ್ದರೆ ಆಮೇಲೆ ಬಂದು ಕೇಳುತ್ತೇನೆ.”

ಇಬ್ಬರೂ ಜಮಖಾನವನ್ನು ಕಲ್ಲಿನ ಕಟ್ಟೆಯ ಮೇಲೆ ಹರಡಿದರು. ಸುಕ್ಕು ಉಳಿದ ಕಡೆ ಅಮ್ಮಣ್ಣಿಯವರು ಬೆರಳು ತೋರಿಸಿದರು. ಅವನು ಎಳೆದು ಸರಿಮಾಡಿದ.

“ಒಂದು ಸಂದೇಹ, ಗುರುಗಳೇ. ಒಳಗಿನ ಭಾಷಣಗಳು ಅಷ್ಟೊಂದು ನಿಷ್ಪ್ರಯೋಜಕವೇ?”

“ಯಾರು ಹಾಗೆಂದರು? ಬಲ್ಲವರು ಕಷ್ಟಪಟ್ಟು ಸಿದ್ಧಮಾಡಿರುತ್ತಾರೆ. ಮನೆಗೆ ಹೋಗಿ ಎಲ್ಲವನ್ನೂ ಕೇಳು. ಅವರು ಮಾತಾಡಿದ ವೇಗದಲ್ಲೇ ಕೇಳು.”

ಧರಣೇಂದ್ರ ತಲೆಯಾಡಿಸಿದ. ಗುರುಗಳು ಮೆಟ್ಟಿಲ ಮೇಲೆ ಕೂತರು. ಅವನೂ ಒಂದು ಮೆಟ್ಟಿಲು ಕೆಳಗೆ ಕೂತ. ಅವರು ಮಾತಾಡಲಿಲ್ಲ. ನದಿಯ ಆಚೆ ದಡದಲ್ಲಿ ಕೊಕ್ಕರೆಗಳು ಮರಕ್ಕೆ ಮರಳುತ್ತಿದ್ದವು. ಅವನ ಜೇಬಿನಲ್ಲಿ ಮೊಬೈಲ್ ಒಮ್ಮೆ ನಡುಗಿತು, ಮತ್ತೊಮ್ಮೆ ನಡುಗಿತು. ಅವನು ಅದನ್ನು ತೆಗೆಯಲಿಲ್ಲ. ಹರಡಿದ ಜಮಖಾನದ ಅಂಚಿನಿಂದ ಕೊನೆಯ ಹನಿಗಳು ಬೀಳುವ ಸದ್ದು ಕೇಳುವಷ್ಟು ಹೊತ್ತು ಹಾಗೆಯೇ ಕೂತಿದ್ದರು.

ಆಮೇಲೆ ಅವನು ಎದ್ದು ನಮಸ್ಕರಿಸಿದ.

“ಮುಂದಿನ ಸಮ್ಮೇಳನ ಮಂಗಳೂರಿನಲ್ಲಂತೆ, ಗುರುಗಳೇ. ಯಾರೂ ಕರೆಯದಿದ್ದರೂ ಹೋಗುತ್ತೇನೆ. ಹೋಗುವಾಗ ಏನು ತೆಗೆದುಕೊಂಡು ಹೋಗಲಿ?”

ಅಮ್ಮಣ್ಣಿಯವರು ಕಟ್ಟೆಯ ಮೇಲೆ ಆರುತ್ತಿದ್ದ ಜಮಖಾನದ ಕಡೆ ನೋಡಿದರು.

“ಇನ್ನೂ ಒದ್ದೆಯಾಗಿರುವುದನ್ನು. ಹಿಂಡಲು ಇನ್ನೊಬ್ಬರು ಬೇಕಾದದ್ದನ್ನು.”